ಸುಡದೆ ಉಳಿದ ಎರಡು ಪುಸ್ತಕ

ಯುದ್ಧಕ್ಕೆ ಹೋದ ಗಂಡಸರು ಮನೆಗೆ ಏನು ತರುತ್ತಾರೆ? ಮನೆಯವರ ಪಾಲಿಗೆ ಅವರು ಕೈಕಾಲು ನೆಟ್ಟಗಿದ್ದು ಬಂದರೆ ಅದೇ ದೊಡ್ಡದು. ಆದರೂ ಸಿಪಾಯಿಗಳ ಟ್ರಂಕಿನ ತಳದಲ್ಲಿ ಏನಾದರೊಂದು ಇರುತ್ತದೆ. ಶತ್ರುವಿನ ಕೋಟಿನ ಗುಂಡಿ, ಬೆಲ್ಟಿನ ಬಕಲ್ಲು, ಖಾಲಿ ತೋಟಾ, ಯಾರದೋ ಜೇಬಿನಲ್ಲಿ ಸಿಕ್ಕ ಫೋಟೋ. ಎಲ್ಲ ದೇಶದ ಸಿಪಾಯಿಗಳೂ ಹೀಗೆ ಎತ್ತಿಕೊಂಡು ಬಂದವರೇ. ಗೆದ್ದದ್ದಕ್ಕೆ ಗುರುತು ಅಂತ ಕೆಲವರು, ಬದುಕಿ ಬಂದದ್ದಕ್ಕೆ ಗುರುತು ಅಂತ ಕೆಲವರು. ಆಮೇಲೆ ಅದು ಷೋಕೇಸಿಗೆ ಹೋಗುತ್ತದೆ, ಇಲ್ಲವೇ ಅಟ್ಟ ಸೇರುತ್ತದೆ.

ಅಮೆರಿಕದ ಫ್ರೆಡ್ ವೈಟ್‌ಹರ್ಸ್ಟ್ ಎಂಬ ಯುವಕ 1972ರಲ್ಲಿ ವಿಯೆಟ್ನಾಮಿನ ಯುದ್ಧ ಮುಗಿಸಿಕೊಂಡು ಊರಿಗೆ ಮರಳಿದಾಗ ತಂದದ್ದು ಎರಡು ಪುಟ್ಟ ನೋಟ್ ಪುಸ್ತಕ. ಒಬ್ಬ ಲೇಡಿ ಡಾಕ್ಟರು ಕೈಯಾರೆ ಬರೆದಿಟ್ಟ ದಿನಚರಿ. ಆಕೆ ಶತ್ರುಪಕ್ಷದವಳು. ಬರೆದ ಭಾಷೆ ಈತನಿಗೆ ಓದಲು ಬಾರದು. ಸೈನ್ಯದ ಕಾನೂನಿನ ಪ್ರಕಾರ ಅದನ್ನು ತರುವ ಹಾಗೂ ಇರಲಿಲ್ಲ. ಆದರೂ ತಂದ, ಜೋಪಾನವಾಗಿ ಇಟ್ಟ. ಯಾಕೆ ಅಂದರೆ ಒಬ್ಬ ಗೆಳೆಯ ಹೇಳಿದ್ದ, ಅದಕ್ಕೆ.

ಈ ಸಂಗತಿ ಓದಿದಾಗಿನಿಂದ ನನ್ನ ಮನಸ್ಸಿಗೆ ಹತ್ತಿಕೊಂಡಿದೆ. ಒಲೆ ಮುಂದೆ ನಿಂತಾಗಲೂ ಅದೇ, ಬಟ್ಟೆ ಮಡಚುವಾಗಲೂ ಅದೇ. ಯುದ್ಧದ ಕಥೆ ನಮಗ್ಯಾಕಮ್ಮಾ ಅನ್ನಬೇಡಿ. ಇದು ಒಬ್ಬ ತಾಯಿಯ ಕಥೆಯೂ ಹೌದು.

ಯಾವ ಯುದ್ಧ, ಯಾರ ಯುದ್ಧ

ವಿಯೆಟ್ನಾಂ ಅಂದರೆ ನಮ್ಮ ತಾಯಂದಿರ ಕಾಲದಲ್ಲಿ ರೇಡಿಯೋ ವಾರ್ತೆಯಲ್ಲಿ ದಿನಾ ಕೇಳಿಬರುತ್ತಿದ್ದ ಹೆಸರು. "ಒಲೆ ಮೇಲೆ ಅನ್ನ ಕುದಿಯೋ ಹೊತ್ತಿಗೆ ವಾರ್ತೆ, ವಾರ್ತೆ ಹಚ್ಚಿದರೆ ವಿಯೆಟ್ನಾಂ" ಅನ್ನುತ್ತಿದ್ದಳು ನನ್ನಮ್ಮ. ಫ್ರೆಂಚರ ಆಳ್ವಿಕೆ ಮುಗಿದ ಮೇಲೆ 1954ರಲ್ಲಿ ಜಿನೀವಾ ಒಪ್ಪಂದವಾಗಿ ಆ ದೇಶ ಉತ್ತರ, ದಕ್ಷಿಣ ಎಂದು ಎರಡಾಯಿತು. ಉತ್ತರಕ್ಕೆ ಹನೋಯ್ ರಾಜಧಾನಿ, ಹೋ ಚಿ ಮಿನ್ ನಾಯಕರು. ದಕ್ಷಿಣಕ್ಕೆ ಸೈಗಾನ್ ರಾಜಧಾನಿ, ಬೆನ್ನಿಗೆ ಅಮೆರಿಕ. ಒಪ್ಪಂದ ಸರಿಯಾಗಿ ನಡೆಯುತ್ತಿದೆಯೋ ಇಲ್ಲವೋ ನೋಡಲು ಒಂದು ಅಂತರರಾಷ್ಟ್ರೀಯ ಆಯೋಗ ಮಾಡಿದ್ದರು. ಕೆನಡಾ, ಪೋಲೆಂಡ್ ಜೊತೆಗೆ ನಮ್ಮ ಭಾರತವೂ ಅದರಲ್ಲಿತ್ತು, ಅಧ್ಯಕ್ಷತೆ ನಮ್ಮದೇ. ಏನು ನೋಡಿದರೂ ಯುದ್ಧ ನಿಲ್ಲಲಿಲ್ಲ. 1965ರಲ್ಲಿ ಅಮೆರಿಕದ ಪಡೆಗಳು ಬಂದಿಳಿದವು. 1968ರ ಹೊತ್ತಿಗೆ ಅಲ್ಲಿದ್ದ ಅಮೆರಿಕದ ಸೈನಿಕರು 5 ಲಕ್ಷಕ್ಕೂ ಹೆಚ್ಚು.

ಇಷ್ಟು ಗೊತ್ತಿದ್ದರೆ ಸಾಕು. ಮುಖ್ಯವಾದದ್ದು ಇದು: ವಿಯೆಟ್ನಾಮಿನವರು ಎರಡು ಪಕ್ಷವಾಗಿ ಒಬ್ಬರನ್ನೊಬ್ಬರು ಕೊಂದುಕೊಳ್ಳುತ್ತಿದ್ದರು. ಎರಡು ಕಡೆಯವರದೂ ಒಂದೇ ಭಾಷೆ, ಒಂದೇ ಅನ್ನ. ನಮ್ಮ ಹಾಗೆಯೇ ಭತ್ತ ಬೆಳೆದು ಅಕ್ಕಿ ಉಣ್ಣುವ ಜನ.

ತಾಯಿಯ ಹೆಸರಿನ ಮಗಳು

ದಿನಚರಿ ಬರೆದ ಡಾಕ್ಟರಮ್ಮನ ಹೆಸರು ಡಾಂಗ್ ಥುಯ್ ಟ್ರಾಮ್. ಅವರಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ನಮ್ಮ ನಾಲಗೆಗೆ ಈ ಹೆಸರುಗಳು ಸುಲಭಕ್ಕೆ ತಿರುಗುವುದಿಲ್ಲ, ಥುಯ್ ಅಂತಲೇ ಕರೆಯೋಣ. ಮನೆಯಲ್ಲೂ ಆಕೆಯನ್ನು ಹಾಗೇ ಕರೆಯುತ್ತಿದ್ದರು.

ಥುಯ್ ಹುಟ್ಟಿದ್ದು 1942ರ ನವೆಂಬರಿನಲ್ಲಿ. ಬೆಳೆದದ್ದು ಹನೋಯ್ ಪಟ್ಟಣದಲ್ಲಿ. ತಂದೆ ಶಸ್ತ್ರಚಿಕಿತ್ಸಕರು. ತಾಯಿ ಡೋವಾನ್ ನ್ಗೋಕ್ ಟ್ರಾಮ್ ಹನೋಯ್‌ನ ಔಷಧಶಾಸ್ತ್ರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಗಿಡಮೂಲಿಕೆಗಳಲ್ಲಿ ಪಳಗಿದವರು. ಐದು ಮಕ್ಕಳಲ್ಲಿ ನಾಲ್ವರು ಹೆಣ್ಣು, ಒಬ್ಬ ಗಂಡು. ಹೆಣ್ಣುಮಕ್ಕಳ ಹೆಸರು ಥುಯ್ ಟ್ರಾಮ್, ಫುವಾಂಗ್ ಟ್ರಾಮ್, ಹಿಯೆನ್ ಟ್ರಾಮ್, ಕಿಮ್ ಟ್ರಾಮ್. ಗಮನಿಸಿದಿರಾ? ನಾಲ್ವರಿಗೂ ತಾಯಿಯ ಹೆಸರು! ನಮ್ಮಲ್ಲಿ ಅಜ್ಜಿ ಹೆಸರು ಇಡುತ್ತೇವೆ, ದೇವರ ಹೆಸರು ಇಡುತ್ತೇವೆ. ಹೆತ್ತವಳ ಹೆಸರನ್ನೇ ಎಲ್ಲ ಹೆಣ್ಣುಮಕ್ಕಳಿಗೂ ಹಂಚಿದ ಮನೆಯನ್ನು ನಾನಂತೂ ಕಂಡಿಲ್ಲ. ನನಗೆ ಬಹಳ ಇಷ್ಟವಾಯಿತು ಇದು.

ಥುಯ್ ದೊಡ್ಡವಳು. 1966ರಲ್ಲಿ ಡಾಕ್ಟರಿಕೆ ಓದಿ ಮುಗಿಸಿದಳು. ಅಪ್ಪನ ಹಾಗೆ ಹನೋಯ್‌ನಲ್ಲೇ ಒಂದು ಆಸ್ಪತ್ರೆ ಹಿಡಿದು ಇರಬಹುದಿತ್ತು. ಇರಲಿಲ್ಲ. ಅದೇ ವರ್ಷದ ಕೊನೆಗೆ ದಕ್ಷಿಣದ ರಣರಂಗಕ್ಕೆ ತಾನೇ ಇಷ್ಟಪಟ್ಟು ಹೊರಟಳು. ದೇಶಭಕ್ತಿ ಅದಕ್ಕೆ ಕಾರಣ, ಅದರಲ್ಲಿ ಅನುಮಾನವಿಲ್ಲ. ಇನ್ನೊಂದೂ ಇತ್ತು. ಆಕೆ ಮನಸ್ಸು ಕೊಟ್ಟಿದ್ದ ಹುಡುಗ ಸೈನಿಕನಾಗಿ ಮೊದಲೇ ದಕ್ಷಿಣಕ್ಕೆ ಹೋಗಿದ್ದ. ದಿನಚರಿಯಲ್ಲಿ ಅವನು ಬರೀ "ಎಂ" ಎಂಬ ಒಂದಕ್ಷರ. ಅಲ್ಲಿ ಸಿಕ್ಕಮೇಲೆ ಅವನ ಮನಸ್ಸು ಮೊದಲಿನಂತೆ ಇರಲಿಲ್ಲ. ಆ ನೋವನ್ನು ಆಕೆ ಹತ್ತಾರು ಕಡೆ ಬರೆದುಕೊಂಡಿದ್ದಾಳೆ.

ಕಾಡು, ಬೆಟ್ಟಗಳ ದಾರಿಯಲ್ಲಿ ಸುಮಾರು ಮೂರು ತಿಂಗಳು ನಡೆದು 1967ರ ಮೊದಲ ಭಾಗದಲ್ಲಿ ಕ್ವಾಂಗ್ ನ್ಗಾಯ್ ಪ್ರಾಂತ್ಯ ಸೇರಿದಳು. ಅಲ್ಲಿನ ಡುಕ್ ಫೋ ಜಿಲ್ಲೆಯ ಆಸ್ಪತ್ರೆಗೆ ಮುಖ್ಯಸ್ಥೆ ಮಾಡಿದರು. ವಯಸ್ಸು 24. ಆಸ್ಪತ್ರೆ ಅಂದರೆ ಕಟ್ಟಡ, ಮಂಚ, ನಲ್ಲಿ ಅಂದುಕೊಳ್ಳಬೇಡಿ. ಬೆಟ್ಟದ ಮರೆಯಲ್ಲಿ ಕಟ್ಟಿದ ಗುಡಿಸಲುಗಳು, ವಿಮಾನದ ಸದ್ದು ಬಂದರೆ ಇಳಿದು ಕೂರಲು ನೆಲದೊಳಗೆ ತೋಡಿದ ಗುಂಡಿ. ಬಾಂಬು ಬಿದ್ದರೆ ಗಾಯಾಳುಗಳನ್ನು ಹೊತ್ತು ಇನ್ನೊಂದು ಕಡೆ ಹೊಸದಾಗಿ ಕಟ್ಟುವುದು. ಅದೇ ಪ್ರಾಂತ್ಯದ ಮೈ ಲಾಯ್‌ನಲ್ಲಿ 1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರು ಹೆಂಗಸರು, ಮಕ್ಕಳು, ಮುದುಕರು ಎನ್ನದೆ ನೂರಾರು ಜನರನ್ನು ಕೊಂದರು. ಅಂಥ ಜಾಗ ಅದು.

ಆ ಘಟನೆಯಾಗಿ ತಿಂಗಳು ತುಂಬುವ ಮೊದಲೇ, 1968ರ ಏಪ್ರಿಲ್ 8ರಿಂದ, ಈಗ ಉಳಿದಿರುವ ದಿನಚರಿ ಶುರುವಾಗುತ್ತದೆ. ಮೊದಲ ಪುಟದಲ್ಲೇ ಒಂದು ಆಪರೇಷನ್. ಕರುಳುಬಾಲದ ಬೇನೆಗೆ ಒಬ್ಬ ಹುಡುಗನ ಹೊಟ್ಟೆ ಕೊಯ್ಯಬೇಕು, ಮರಗಟ್ಟಿಸುವ ಔಷಧಿ ಸಾಲದು. ಹುಡುಗ ನರಳಲಿಲ್ಲ, ಡಾಕ್ಟರಮ್ಮನ ಕಡೆ ನೋಡಿ ನಕ್ಕ. ಒಂದು ಚಿಕ್ಕ ಹಲ್ಲು ಕೀಳಿಸಿಕೊಳ್ಳಲು ನಾವು ಎಷ್ಟು ರಂಪ ಮಾಡುತ್ತೇವೆ!

ಹೀಗೆ ಹಗಲೆಲ್ಲ ಕೊಯ್ಯುವುದು, ಹೊಲಿಯುವುದು, ಊರಿನ ಹುಡುಗ ಹುಡುಗಿಯರಿಗೆ ಶುಶ್ರೂಷೆ ಕಲಿಸುವುದು. ರಾತ್ರಿ ಬಿಡುವಾದಾಗ ದಿನಚರಿ ಬರೆಯುವುದು. ಕೈಯಾರೆ ಬದುಕಿಸಿ ಕಳಿಸಿದ ಹುಡುಗರು, ತಮ್ಮ ಎಂದು ಕರೆದಿದ್ದ ಹುಡುಗರು, ತಿಂಗಳಾಗುವಷ್ಟರಲ್ಲಿ ಹೆಣವಾಗಿ ಬರುತ್ತಿದ್ದರು. ಅವರಿಗಾಗಿ ಅತ್ತದ್ದೂ ಅಲ್ಲಿದೆ. ಓದಿದ ಮನೆತನದವಳು ಅನ್ನುವ ಕಾರಣಕ್ಕೆ ಕಮ್ಯುನಿಸ್ಟ್ ಪಕ್ಷದವರು ಸದಸ್ಯತ್ವ ಕೊಡಲು ಸತಾಯಿಸಿದ್ದೂ ಇದೆ. ಅಮೆರಿಕದವರ ಮೇಲಿನ ಕೋಪ ಧಾರಾಳವಾಗಿದೆ, ಮುಚ್ಚುಮರೆ ಇಲ್ಲ. ಮತ್ತೆ ಮತ್ತೆ ಬರುವುದು ಮಾತ್ರ ಅಮ್ಮ.

ಡ್ರಮ್ಮಿನ ಬಳಿ

ಈಗ ಬೆಟ್ಟದ ಕೆಳಗಿನ ಅಮೆರಿಕನ್ ಶಿಬಿರಕ್ಕೆ ಬರೋಣ. ಅದೂ ಡುಕ್ ಫೋದಲ್ಲೇ. ಫ್ರೆಡ್ ಅಲ್ಲಿ ಸೈನ್ಯದ ಗುಪ್ತಚರ ವಿಭಾಗದಲ್ಲಿದ್ದ, 22ರ ಹರೆಯ. ದಾಳಿ ಮಾಡಿದಾಗ, ಸತ್ತವರ ಚೀಲ ತಪಾಸಣೆ ಮಾಡಿದಾಗ ಸಿಗುವ ಕಾಗದಪತ್ರಗಳೆಲ್ಲ ಅವನ ವಿಭಾಗಕ್ಕೆ ಬರುತ್ತಿದ್ದವು. ನಕ್ಷೆ, ಆದೇಶ, ಸೈನಿಕರ ಪಟ್ಟಿ ಇದ್ದರೆ ಇಟ್ಟುಕೊಳ್ಳಬೇಕು. ಉಪಯೋಗಕ್ಕೆ ಬಾರದ್ದನ್ನು ದೊಡ್ಡ ಡ್ರಮ್ಮಿಗೆ ಹಾಕಿ ಸುಡಬೇಕು. ಮನೆಗೆ ಬರೆದ ಕಾಗದ, ಫೋಟೋ, ಪದ್ಯ ಗೀಚಿದ ಹಾಳೆ ಎಲ್ಲವೂ ಬೆಂಕಿಗೆ.

ಉಪಯುಕ್ತ ಯಾವುದು, ಅಲ್ಲದ್ದು ಯಾವುದು ಅಂತ ಫ್ರೆಡ್‌ಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ದುಭಾಷಿ ಬೇಕು. ಅವನೇ ನ್ಗುಯೆನ್ ಟ್ರುಂಗ್ ಹಿಯು, ದಕ್ಷಿಣ ವಿಯೆಟ್ನಾಂ ಸೈನ್ಯದ ಸಾರ್ಜೆಂಟ್. ಅವನು ಓದಿ ಹೇಳಿದ್ದೇ ಫ್ರೆಡ್‌ಗೆ ಆಧಾರ. ಭಾಷೆ ಬಾರದ ಊರಿನಲ್ಲಿ ಇನ್ನೊಬ್ಬನ ಕಣ್ಣನ್ನು, ಕಿವಿಯನ್ನು ಸಾಲ ಪಡೆದು ಬದುಕುವುದು ಅಂದರೆ ಸಾಮಾನ್ಯವಲ್ಲ. ಮದುವೆಯಾಗಿ ಬೇರೆ ಭಾಷೆಯ ಸೀಮೆಗೆ ಹೋದ ಹೆಣ್ಣುಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಪಕ್ಕದ ಮನೆಯಾಕೆ ಸರಿಯಾಗಿ ಹೇಳಿದರೆ ಸರಿ, ತಪ್ಪು ಹೇಳಿದರೆ ಮುಗಿಯಿತು. ಈ ಇಬ್ಬರ ಸ್ನೇಹ ಶುರುವಾದದ್ದು ಹಾಗೆ, ಹೇಳಿದ್ದನ್ನು ನಂಬುವುದರಿಂದ.

1969ರ ಕೊನೆಯಲ್ಲಿ ಥುಯ್‌ಳ ಆಸ್ಪತ್ರೆಯ ಮೇಲೆ ದಾಳಿಯಾದಾಗ ಮೊದಲ ದಿನಚರಿ ಅಮೆರಿಕದವರ ಕೈಗೆ ಸಿಕ್ಕಿತ್ತು. ಸಾಮಾನ್ಯ ಕಾಗದಗಳ ಜೊತೆ ಅದೂ ಡ್ರಮ್ಮಿನ ಬಳಿ ಬಂತು. ಫ್ರೆಡ್ ಒಂದೊಂದಾಗಿ ಬೆಂಕಿಗೆ ಹಾಕುತ್ತಿದ್ದ. ಹಿಯು ಈ ಪುಟ್ಟ ಪುಸ್ತಕ ತಿರುವಿ ನೋಡಿದವನು ತಡೆದ. "ಫ್ರೆಡ್, ಇದನ್ನು ಸುಡಬೇಡ. ಇದರೊಳಗೆ ಆಗಲೇ ಬೆಂಕಿ ಇದೆ" ಅಂದ.

ಆ ಮಾತಿಗೆ ಫ್ರೆಡ್ ಕೈ ಹಿಂದಕ್ಕೆ ತೆಗೆದ.

ಸ್ವಲ್ಪ ನಿಂತು ಯೋಚಿಸಿ. ಹಿಯು ಯಾರು? ಥುಯ್‌ಳ ಪಕ್ಷದ ವಿರುದ್ಧ ಬಂದೂಕು ಹಿಡಿದ ಸೈನ್ಯದವನು. ಪುಸ್ತಕದಲ್ಲಿ ಇವನಂಥವರನ್ನು ಹೊಗಳಿದ ಒಂದು ಸಾಲೂ ಇರಲಿಕ್ಕಿಲ್ಲ. ಅಮೆರಿಕದ ಹುಡುಗನ ಎದುರು ಶತ್ರುವಿನ ಡೈರಿಯನ್ನು ಉಳಿಸು ಅನ್ನುವುದು ಅವನಿಗೆ ಅಪಾಯದ ಮಾತು. ಇವನೇನು ಆ ಕಡೆಯವನೋ ಅಂತ ಅನುಮಾನ ಬಂದಿದ್ದರೆ? ಸುಮ್ಮನೆ ತಲೆಯಾಡಿಸಿದ್ದರೆ ಐದು ನಿಮಿಷದಲ್ಲಿ ಬೂದಿಯಾಗುತ್ತಿತ್ತು, ಕೇಳುವವರು ಯಾರೂ ಇರಲಿಲ್ಲ. ಈ ಕಥೆ ಬರೆದವರೆಲ್ಲ ಫ್ರೆಡ್‌ನನ್ನು ಹೊಗಳುತ್ತಾರೆ, ಹೊಗಳಲಿ. ನನ್ನನ್ನು ಕೇಳಿದರೆ ಮೊದಲ ನಮಸ್ಕಾರ ಹಿಯುಗೆ.

ಆಮೇಲೆ ಸಂಜೆ ಹೊತ್ತು ಹಿಯು ದಿನಚರಿಯನ್ನು ಇಂಗ್ಲಿಷಿಗೆ ಮಾಡಿ ಓದಿ ಹೇಳುವುದು, ಫ್ರೆಡ್ ಕೇಳುವುದು ನಡೆಯಿತು. ಹಗಲು ಯುದ್ಧ, ಸಂಜೆ ಈ ಪಾರಾಯಣ! ಗಾಯಾಳುವಿನ ಪಕ್ಕದಲ್ಲಿ ರಾತ್ರಿಯೆಲ್ಲ ಕುಳಿತವಳ ಮಾತು, ಕೈಬಿಟ್ಟ ಪ್ರಿಯಕರನ ನೆನಪು, ಅಮ್ಮನ ಮೇಲಿನ ಹಂಬಲ. ಅವರಿಬ್ಬರೂ ಆಕೆಯನ್ನು ಕಂಡವರಲ್ಲ. ಆಕೆ ಆಗ ಕೆಲವೇ ಮೈಲಿ ಆಚೆ ಅದೇ ಬೆಟ್ಟಗಳಲ್ಲಿ ಬದುಕಿದ್ದಳು. ಒಬ್ಬ ಮನುಷ್ಯನಾಗಿ ತಾನು ಆಕೆಯನ್ನು ಪ್ರೀತಿಸತೊಡಗಿದೆ ಎಂದು ಫ್ರೆಡ್ ಎಷ್ಟೋ ವರ್ಷದ ನಂತರ ಹೇಳಿಕೊಂಡಿದ್ದಾರೆ. ಅದರಲ್ಲಿ ಅಸಹ್ಯವೇನೂ ನನಗೆ ಕಾಣಲಿಲ್ಲ. ಅಷ್ಟು ಹತ್ತಿರದಿಂದ ಒಬ್ಬರ ಒಳಮನಸ್ಸು ಕೇಳಿದ ಮೇಲೆ ಅವರು ಶತ್ರುವಾಗಿ ಉಳಿಯುವುದು ಹೇಗೆ?

ಥುಯ್ ಅಲ್ಲಿ ಇನ್ನೊಂದು ಪುಸ್ತಕದಲ್ಲಿ ಬರೆಯತೊಡಗಿದ್ದಳು. 1970ರ ಜೂನ್ ತಿಂಗಳಲ್ಲಿ ಆಸ್ಪತ್ರೆಯ ಮೇಲೆ ಮತ್ತೆ ಬಾಂಬು ಬಿತ್ತು. ನಡೆಯಬಲ್ಲವರನ್ನೆಲ್ಲ ಬೇರೆ ಕಡೆಗೆ ಸಾಗಿಸಿದರು. ಎದ್ದು ನಡೆಯಲಾಗದ ಗಾಯಾಳುಗಳನ್ನು ಬಿಟ್ಟು ಹೋಗುವುದು ಹೇಗೆ? ಒಂದಿಬ್ಬರು ಹೆಣ್ಣುಮಕ್ಕಳ ಜೊತೆ ಆಕೆ ಅಲ್ಲೇ ಉಳಿದಳು. ಅಕ್ಕಿ ಮುಗಿಯುತ್ತ ಬಂದಿತ್ತು, ಹೋದವರು ವಾಪಸು ಬರಲಿಲ್ಲ. ಜೂನ್ 20ರಂದು ಕೊನೆಯ ಬರಹ. ಆ ಪುಟದಲ್ಲೂ ಆಕೆ ಬಯಸುವುದು ಅಮ್ಮನ ಕೈಯನ್ನು. ಎರಡು ದಿನದ ಮೇಲೆ, 22ರಂದು, ಕಾಡಿನ ದಾರಿಯಲ್ಲಿ ಅಮೆರಿಕನ್ ಸೈನಿಕರ ಗುಂಡಿಗೆ ಸತ್ತಳು. ಗುಂಡು ಹಣೆಗೆ ಬಿದ್ದಿತ್ತು. ವಯಸ್ಸು 27.

ಆಕೆಯ ಸಾಮಾನಿನಲ್ಲಿದ್ದ ಎರಡನೆಯ ದಿನಚರಿ ಕೈಯಿಂದ ಕೈಗೆ ಬಂದು ಫ್ರೆಡ್‌ಗೇ ಸಿಕ್ಕಿತು. ಅಕ್ಷರ ನೋಡಿದರೆ ಅದೇ ಅಕ್ಷರ.

ಮೂವತ್ತೈದು ವರ್ಷ

ಊರಿಗೆ ಹೊರಡುವಾಗ ಫ್ರೆಡ್ ಎರಡನ್ನೂ ಕದ್ದುಮುಚ್ಚಿ ತಂದ. ಹಿಯು ಅಲ್ಲೇ ಉಳಿದ. 1973ರಲ್ಲಿ ಅಮೆರಿಕದ ಪಡೆಗಳು ಹಿಂದಕ್ಕೆ ಬಂದವು. 1975ರ ಏಪ್ರಿಲ್ 30ರಂದು ಉತ್ತರದವರು ಸೈಗಾನ್ ಹಿಡಿದರು, ಯುದ್ಧ ಮುಗಿಯಿತು. ಅಮೆರಿಕದವರು ಸುಮಾರು 58,000 ಮಂದಿ ಸತ್ತಿದ್ದರು. ವಿಯೆಟ್ನಾಮಿನ ಲೆಕ್ಕ ಲಕ್ಷಗಳಲ್ಲಿ.

ಫ್ರೆಡ್ ಮುಂದೆ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಿ ಅಮೆರಿಕದ ಎಫ್.ಬಿ.ಐ. ಎಂಬ ಕೇಂದ್ರ ತನಿಖಾ ಸಂಸ್ಥೆಯ ಪ್ರಯೋಗಾಲಯ ಸೇರಿದರು. ಅಲ್ಲೂ ಸುಮ್ಮನಿದ್ದವರಲ್ಲ. ಪ್ರಯೋಗಾಲಯದಲ್ಲಿ ಸಾಕ್ಷ್ಯದ ಪರೀಕ್ಷೆ ಸರಿಯಾಗಿ ನಡೆಯುತ್ತಿಲ್ಲ ಎಂದು ಬಹಿರಂಗವಾಗಿ ಹೇಳಿ ದೊಡ್ಡ ಗಲಾಟೆಯಾಯಿತು, ಸರ್ಕಾರದ ತನಿಖೆ ನಡೆದು 1997ರಲ್ಲಿ ವರದಿ ಬಂತು, ಅವರ ಎಷ್ಟೋ ದೂರು ನಿಜವೆಂದು ಕಂಡಿತು. ಮರುವರ್ಷ ಕೆಲಸ ಬಿಟ್ಟರು. ಕಾನೂನು ಮೀರಿ ಡೈರಿ ತಂದವನೂ ಇವನೇ, ಕಾನೂನು ನಡೆಯಬೇಕು ಅಂತ ಹಟ ಹಿಡಿದವನೂ ಇವನೇ. ಮನುಷ್ಯರೇ ಹಾಗೆ ನೋಡಿ.

ಇಷ್ಟೆಲ್ಲ ಆಗುವಾಗ ದಿನಚರಿ ಮನೆಯಲ್ಲೇ ಇತ್ತು. ಎಷ್ಟೋ ಸಲ ಬರೆದವಳ ಮನೆಯವರನ್ನು ಹುಡುಕಬೇಕು ಅನ್ನಿಸಿದೆ. ಆದರೆ ಎಫ್.ಬಿ.ಐ. ನೌಕರನೊಬ್ಬ ಕಮ್ಯುನಿಸ್ಟ್ ದೇಶದವರ ಜೊತೆ ಪತ್ರವ್ಯವಹಾರ ಮಾಡುವಂತಿರಲಿಲ್ಲ. ಎರಡು ದೇಶಗಳ ನಡುವೆ ರಾಯಭಾರ ಸಂಬಂಧವೇ 1995ರವರೆಗೆ ಇರಲಿಲ್ಲ.

ನಾನು ಇಲ್ಲಿ ಒಂದು ಮಾತು ಹೇಳಲೇಬೇಕು. ಕಾರಣಗಳೆಲ್ಲ ಸರಿ. ಆದರೆ ಆ ತಾಯಿಯ ಕಡೆಯಿಂದ ನೋಡಿದರೆ 35 ವರ್ಷ ಅಂದರೆ ಎಷ್ಟು! ಮಗಳು 24ಕ್ಕೆ ಮನೆ ಬಿಟ್ಟಳು, ಮತ್ತೆ ಬರಲಿಲ್ಲ. ಏನು ಉಂಡಳು, ಯಾರ ಜೊತೆ ಇದ್ದಳು, ಕೊನೆಗೆ ಏನು ನೆನೆಸಿಕೊಂಡಳು, ಒಂದೂ ಗೊತ್ತಿಲ್ಲ. ಅದನ್ನೆಲ್ಲ ಮಗಳೇ ಬರೆದಿಟ್ಟಿದ್ದಾಳೆ, ಆ ಬರಹ ಭೂಮಿಯ ಇನ್ನೊಂದು ಮಗ್ಗುಲಲ್ಲಿ ಒಬ್ಬ ಅಮೆರಿಕದವನ ಮನೆಯಲ್ಲಿದೆ. ಒಮ್ಮೊಮ್ಮೆ ನನಗೆ ಫ್ರೆಡ್ ಮೇಲೆ ಸಿಟ್ಟು ಬರುತ್ತದೆ. ಮರುಗಳಿಗೆಗೆ, ಎಸೆಯಲಿಲ್ಲವಲ್ಲ, ಮಾರಲಿಲ್ಲವಲ್ಲ ಪುಣ್ಯಾತ್ಮ, ಅನ್ನಿಸುತ್ತದೆ. ಮನೆ ಬದಲಿಸುವಾಗ ನಾವು ಏನೇನೆಲ್ಲ ಕಳೆದಿದ್ದೇವೆ, ಹೇಳಿ? ನನ್ನ ಮದುವೆಯ ಲಗ್ನಪತ್ರಿಕೆ ಒಂದೂ ಈಗ ನನ್ನ ಹತ್ತಿರ ಇಲ್ಲ.

ದಾರಿ ತೆರೆದದ್ದು ಒಡಹುಟ್ಟಿದ ರಾಬ್ ಅವರಿಂದ. ಅವರೂ ವಿಯೆಟ್ನಾಮಿನಲ್ಲಿ ಇದ್ದು ಬಂದವರು, ಹೆಂಡತಿಯೂ ವಿಯೆಟ್ನಾಮಿನವಳೇ, ಭಾಷೆ ಬರುತ್ತಿತ್ತು. ಹಿಯು ಬಿಟ್ಟ ಕಡೆಯಿಂದ ರಾಬ್ ಓದತೊಡಗಿದರು. ಓದುತ್ತ ಓದುತ್ತ ಅವರಿಗೂ ಅದೇ ಹುಚ್ಚು ಹಿಡಿಯಿತು. 2005ರ ಮಾರ್ಚಿನಲ್ಲಿ ಅಣ್ಣತಮ್ಮಂದಿರು ದಿನಚರಿಗಳನ್ನು ಟೆಕ್ಸಾಸ್ ರಾಜ್ಯದ ಲಬ್ಬಕ್ ಊರಿಗೆ ತೆಗೆದುಕೊಂಡು ಹೋದರು. ಅಲ್ಲಿನ ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯದಲ್ಲಿ ವಿಯೆಟ್ನಾಂ ಯುದ್ಧದ ಕಾಗದಪತ್ರಗಳ ದೊಡ್ಡ ಭಂಡಾರವಿದೆ. ಸಮ್ಮೇಳನಕ್ಕೆ ಬಂದಿದ್ದ ಟೆಡ್ ಎಂಗಲ್‌ಮನ್ ಎಂಬ ಛಾಯಾಗ್ರಾಹಕರು, ಅವರೂ ಆ ಯುದ್ಧದಲ್ಲಿದ್ದವರೇ, ಮುಂದಿನ ತಿಂಗಳು ಹನೋಯ್‌ಗೆ ಹೊರಟಿದ್ದರು. ಎಲ್ಲ ಪುಟಗಳ ಚಿತ್ರ ತುಂಬಿದ ಸಿ.ಡಿ.ಯನ್ನು ಅವರ ಕೈಗೆ ಕೊಟ್ಟರು.

ಹನೋಯ್‌ನಲ್ಲಿ ಕ್ವೇಕರ್ ಎಂಬ ಶಾಂತಿಪ್ರಿಯ ಪಂಥದವರ ಕಚೇರಿಯ ಸಿಬ್ಬಂದಿ ನೆರವಾದರು. ದಿನಚರಿಯಲ್ಲಿದ್ದ ಮನೆಯವರ ಹೆಸರು, ಕೆಲಸದ ಸುಳಿವು ಹಿಡಿದು ಊರಲ್ಲಿ ವಿಚಾರಿಸಿದರು. ಮೂವತ್ತೈದು ವರ್ಷದಲ್ಲಿ ಆಗದ್ದು ಕೆಲವೇ ದಿನದಲ್ಲಿ ಆಯಿತು!

ಹನೋಯ್‌ನ ಮನೆ

ಏಪ್ರಿಲ್ ಕೊನೆಯ ಹೊತ್ತಿಗೆ ಎಂಗಲ್‌ಮನ್ ಆ ಮನೆಗೆ ಹೋದರು. ತಂದೆ ತೀರಿಕೊಂಡಿದ್ದರು. ಒಬ್ಬನೇ ಮಗನೂ ಹೋಗಿಬಿಟ್ಟಿದ್ದ. ತಾಯಿಗೆ ಎಂಬತ್ತರ ಮೇಲೆ. ಮೂವರು ಹೆಣ್ಣುಮಕ್ಕಳು ಇದ್ದರು, ಅವರೇ ಟ್ರಾಮ್ ಹೆಸರಿನವರು. ಆ ವಯಸ್ಸಿನ ತಾಯಿಯ ಮುಂದೆ ಒಬ್ಬ ಅಪರಿಚಿತ ಬಂದು, ಇಗೋ ನಿಮ್ಮ ಮಗಳ ಕೈಬರಹ, ಅಂದಾಗ ಹೊಟ್ಟೆಯೊಳಗೆ ಏನಾಗಿರಬೇಕು? ಹೆತ್ತವರಿಗೆ ಮಕ್ಕಳ ಅಕ್ಷರದ ಗುರುತು ಮುಖದ ಗುರುತಿನಷ್ಟೇ ಗಟ್ಟಿ. ಬಳಪ ಹಿಡಿಸಿ ತಿದ್ದಿಸಿದ ಕೈ ಅಲ್ಲವೇ.

ಅಕ್ಷರ ಓದಿ ಬಿಡಿಸಿ ಸರಿಯಾಗಿ ಬರೆದು ಅಚ್ಚಿಗೆ ಸಿದ್ಧಮಾಡಿದವಳು ಕೊನೆಯ ತಂಗಿ ಕಿಮ್. ಅದೇ ವರ್ಷದ ಜುಲೈನಲ್ಲಿ ವಿಯೆಟ್ನಾಮಿನಲ್ಲಿ ಪುಸ್ತಕವಾಗಿ ಬಂತು. ಅಲ್ಲಿ ಒಂದು ಪುಸ್ತಕ ಕೆಲವು ಸಾವಿರ ಖರ್ಚಾದರೆ ಹೆಚ್ಚಂತೆ. ಇದು 3 ಲಕ್ಷಕ್ಕೂ ಮೀರಿತು. ಯುದ್ಧ ಕಂಡೇ ಇರದ ಕಾಲೇಜು ಹುಡುಗ ಹುಡುಗಿಯರೇ ಮುಗಿಬಿದ್ದು ಓದಿದರು. ಅದುವರೆಗೆ ಅವರು ಓದಿದ್ದ ಯುದ್ಧದ ಪುಸ್ತಕಗಳಲ್ಲಿ ವೀರರು ಅಳುತ್ತಿರಲಿಲ್ಲ, ಅಮ್ಮನನ್ನು ಕರೆಯುತ್ತಿರಲಿಲ್ಲ. ಇಂಗ್ಲಿಷಿನಲ್ಲಿ 2007ರಲ್ಲಿ ಬಂತು, ಆಮೇಲೆ ಬೇರೆ ಬೇರೆ ಭಾಷೆಗಳಲ್ಲಿ. 2009ರಲ್ಲಿ ಡಾಂಗ್ ನ್ಯಾಟ್ ಮಿನ್ ಎಂಬ ನಿರ್ದೇಶಕರು ಸಿನಿಮಾ ಮಾಡಿದರು. ಸಿನಿಮಾಕ್ಕೆ ಇಟ್ಟ ಹೆಸರು "ಸುಡಬೇಡ" ಅಂತ. ಹಿಯು ಆಡಿದ ಮಾತು!

2005ರ ಆಗಸ್ಟಿನಲ್ಲಿ ಫ್ರೆಡ್ ಮತ್ತು ರಾಬ್ ಹನೋಯ್‌ಗೆ ಹೋದರು. ಫ್ರೆಡ್ ಕಾಲಿಡಲು ಹೆದರಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ. ಇವರ ಸೈನ್ಯದವರೇ ಆ ಮನೆಯ ಮಗಳನ್ನು ಕೊಂದವರು. ಆ ತಾಯಿ ಇಬ್ಬರನ್ನೂ ಅಪ್ಪಿಕೊಂಡರು. ಮಕ್ಕಳ ಹಾಗೆ ನೋಡಿಕೊಂಡರು. ಥುಯ್‌ಳ ಅಸ್ಥಿಯನ್ನು ದಕ್ಷಿಣದಿಂದ ತಂದು ಹನೋಯ್ ಬಳಿ ಹುತಾತ್ಮರ ಸ್ಮಶಾನದಲ್ಲಿ ಮಣ್ಣು ಮಾಡಿದ್ದರು. ಅಣ್ಣತಮ್ಮಂದಿರು ಅಲ್ಲಿಗೂ ಹೋಗಿ ತಲೆಬಾಗಿದರು.

ನಮ್ಮಲ್ಲಿ ಯಾರಾದರೂ ಹೀಗೆ ಮಾಡಬಲ್ಲೆವೇ? ನನಗಂತೂ ಧೈರ್ಯವಾಗಿ ಹೌದು ಅನ್ನಲು ಆಗುವುದಿಲ್ಲ. ಪಕ್ಕದ ಮನೆಯವರ ಜೊತೆ ಗೋಡೆ ವಿಚಾರಕ್ಕೆ ಮಾತು ಬಿಟ್ಟರೆ ವರ್ಷಗಟ್ಟಲೆ ಮುಖ ನೋಡುವುದಿಲ್ಲ ನಾವು. ಆದರೆ ಅವರ ಮನಸ್ಸನ್ನೂ ಸ್ವಲ್ಪ ತಿಳಿಯಬಹುದು. ಮಗಳು ಬರೆದದ್ದನ್ನು ಮನೆಯವರಿಗಿಂತ ಮೊದಲು ಕೇಳಿದವನು ಈತ. ಆಕೆಯ ಬಗ್ಗೆ ಮಾತಾಡಲು ಆ ತಾಯಿಗೆ ಇವನಿಗಿಂತ ಬೇರೆ ಯಾರು ಸಿಗಬೇಕು?

ಮೂಲ ಪುಸ್ತಕಗಳು ಮಾತ್ರ ಆಗಲೂ ಲಬ್ಬಕ್‌ನಲ್ಲೇ ಇದ್ದವು. ಅಕ್ಟೋಬರಿನಲ್ಲಿ ತಾಯಿ, ಹೆಣ್ಣುಮಕ್ಕಳು ವಿಮಾನ ಹತ್ತಿ ಅಮೆರಿಕಕ್ಕೆ ಹೋದರು. ಆ ವಯಸ್ಸಿನಲ್ಲಿ ಅಷ್ಟು ದೂರ! ಭಂಡಾರದವರು ಎರಡು ನೋಟ್ ಪುಸ್ತಕಗಳನ್ನು ತಂದು ಅವರ ಮುಂದಿಟ್ಟರು. ಸಿ.ಡಿ.ಯಲ್ಲಿ ಎಲ್ಲ ಪುಟ ನೋಡಿ ಆಗಿತ್ತು, ಅಚ್ಚಾದ ಪುಸ್ತಕ ಮನೆಯಲ್ಲಿತ್ತು. ಆದರೂ ಮಗಳ ಬೆರಳು ತಾಗಿದ ಕಾಗದ ಬೇರೆ. ತಾಯಿ ಅದನ್ನು ಕೈಯಲ್ಲಿ ಹಿಡಿದು ಅತ್ತರು.

ಮಗಳ ಪುಸ್ತಕ ಮನೆಗೆ ಬರಬೇಕಿತ್ತು, ಯಾರದೋ ದೇಶದಲ್ಲಿ ಯಾಕಿರಬೇಕು, ಅಂತ ನನ್ನ ನಾದಿನಿ ಈಗಲೂ ವಾದಿಸುತ್ತಾಳೆ. ಅವಳ ಮಾತೂ ಸುಳ್ಳಲ್ಲ. ಆದರೆ ಆ ಭಂಡಾರದಲ್ಲಿ ಗಾಳಿ, ತೇವ ಎಲ್ಲಕ್ಕೂ ಕಟ್ಟುನಿಟ್ಟು. ನಮ್ಮ ಅಟ್ಟದ ಟ್ರಂಕಿನಲ್ಲಿ ಇಟ್ಟಿದ್ದರೆ ಎರಡು ಮಳೆಗಾಲಕ್ಕೆ ಗೆದ್ದಲು ಮುಗಿಸಿರುತ್ತಿತ್ತು. ಮನೆಯವರು ಅಲ್ಲೇ ಬಿಟ್ಟುಬಂದರು. ಡುಕ್ ಫೋದಲ್ಲಿ ಆಕೆ ಕೆಲಸ ಮಾಡಿದ ಸೀಮೆಯಲ್ಲಿ ಈಗ ಆಕೆಯ ಹೆಸರಿನ ಒಂದು ಚಿಕ್ಕ ಆಸ್ಪತ್ರೆ ಇದೆ. ಅದಕ್ಕೆ ಗೋಡೆ, ಸೂರು, ಮಂಚ ಎಲ್ಲ ಇದೆ.